ತಕ್ಕಡಿಯಲ್ಲಿ ಕೂತ ಕಪ್ಪೆ

ಜೂನ್ 11

ಸಂಪಿನ ಮುಚ್ಚಳದ ಮೇಲೆ ಈ ವರ್ಷವೂ ಬಂದು ಕೂತಿದೆ. ಮಳೆ ಹಿಡಿದ ಮೂರನೇ ರಾತ್ರಿಗೆ ಸರಿಯಾಗಿ ಹಾಜರಿ. ಮೈತುಂಬ ಗಂಟು, ಕಣ್ಣಿನ ಹಿಂದೆ ಎರಡು ದಪ್ಪ ದಿಂಡು, ಸಾಲ ವಸೂಲಿಗೆ ಬಂದವರ ಹಾಗೆ ಕದಲದ ನೋಟ. ನೆಲಗಪ್ಪೆ. ಪೊರಕೆ ಕಡ್ಡಿಯಿಂದ ಹಿಂದಕ್ಕೆ ಮುಟ್ಟಿದರೆ ನಾಲ್ಕು ಹೆಜ್ಜೆ ನಡೆಯುತ್ತದೆ, ಬೇಕೋ ಬೇಡವೋ ಎಂಬಂತೆ ಒಮ್ಮೆ ಕುಪ್ಪಳಿಸುತ್ತದೆ, ಮತ್ತೆ ಕೂರುತ್ತದೆ. ವೈಯಾಲಿಕಾವಲಿನ ಈ ಮನೆಗೆ ನಾವು ಬಂದಾಗಿನಿಂದ ಇದೇ ಕಪ್ಪೆಯೋ, ಇದರ ಅಜ್ಜನೋ, ಗೊತ್ತಿಲ್ಲ.

ಮೊಮ್ಮಗಳು ನಡುಮನೆಯಲ್ಲಿ ಡ್ರಾಯಿಂಗ್ ಶೀಟ್ ಹರಡಿಕೊಂಡು ಕೂತಿದ್ದಳು. ಸ್ಕೂಲಿಗೆ ‘ಕಪ್ಪೆಯ ಜೀವನಚಕ್ರ’. ದೊಡ್ಡ ವೃತ್ತ, ಬಾಣದ ಗುರುತು, ಮೊಟ್ಟೆ, ಗೊದಮೊಟ್ಟೆ, ಕಾಲು ಮೂಡಿದ ಗೊದಮೊಟ್ಟೆ, ಬಾಲ ಕರಗದ ಮರಿ, ಕಪ್ಪೆ, ಮತ್ತೆ ಮೊಟ್ಟೆ. ನಾನೂ ಅರವತ್ತು ವರ್ಷದ ಹಿಂದೆ ಇದನ್ನೇ ಬರೆದಿದ್ದೆ, ಬಾಣ ಕೂಡ ಇದೇ ದಿಕ್ಕಿಗೆ ತಿರುಗಿತ್ತು.

“ತಾತ, ಎಲ್ಲಾ ಕಪ್ಪೇನೂ ಹೀಗೇನಾ?”

“ಹೌದಮ್ಮ, ಎಲ್ಲಾನೂ.”

ಎಷ್ಟು ಧೈರ್ಯವಾಗಿ ಹೇಳಿಬಿಟ್ಟೆ.

ಜೂನ್ 14

ತಪ್ಪು ಹೇಳಿದ್ದೇನೆ. ಪಶ್ಚಿಮ ಘಟ್ಟದಲ್ಲಿ ಗೊದಮೊಟ್ಟೆಯೇ ಇಲ್ಲದ ಕಪ್ಪೆಗಳಿವೆಯಂತೆ. ಒಂದೆರಡಲ್ಲ, ಅರವತ್ತಕ್ಕೂ ಮಿಕ್ಕಿದ ಪ್ರಭೇದಗಳಿರುವ ಒಂದು ಇಡೀ ಕುಲ. ಕುಲದ ಹೆಸರು ರಾವ್‌ಆರ್ಕೆಸ್ಟೀಸ್. ಗೊದಮೊಟ್ಟೆಯಾಗಿ ಕೆರೆಯಲ್ಲಿ ಈಜಬೇಕಾದ ಕಾಲವನ್ನೆಲ್ಲ ಮರಿ ಮೊಟ್ಟೆಯೊಳಗೇ ಕಳೆದು, ಅಂಟಿನ ಗೋಲಿಯೊಳಗಿಂದ ನಾಲ್ಕು ಕಾಲಿನ ಪುಟ್ಟ ಕಪ್ಪೆಯಾಗಿಯೇ ಹೊರಗೆ ಬರುತ್ತದೆ. ಕೆರೆ ಬೇಡ, ಹೊಂಡ ಬೇಡ. ಒದ್ದೆ ಎಲೆ, ಪಾಚಿ, ಮಣ್ಣಿನ ತೇವ ಸಾಕು.

ನಮ್ಮ ಸಂಪಿನ ಯಜಮಾನನ ಜಾತಿಯವು ಜನಿವಾರದ ಎಳೆಯಂತೆ ಸಾವಿರಗಟ್ಟಲೆ ಮೊಟ್ಟೆಯನ್ನು ನೀರಿನಲ್ಲಿ ಬಿಟ್ಟು ಕೈತೊಳೆದುಕೊಳ್ಳುತ್ತವೆ. ಘಟ್ಟದವು ಹಾಗಲ್ಲ. ಮೊಟ್ಟೆ ಕೆಲವೇ ಕೆಲವು, ಆದರೆ ಒಂದೊಂದಕ್ಕೂ ಬುತ್ತಿ ಕಟ್ಟಿ ಕಳಿಸುತ್ತವೆ, ಮರಿ ಪೂರ್ತಿ ಬೆಳೆಯುವ ತನಕ ಸಾಲುವಷ್ಟು ಬಂಡಾರ.

ಇದರಲ್ಲಿ ನನಗೆ ಹೊಳೆಯದ್ದು ಒಂದೇ. ಮಳೆಯೇ ಮಳೆ ಸುರಿಯುವ ಊರಿನ ಕಪ್ಪೆ ಯಾಕೆ ನೀರನ್ನು ಬಿಟ್ಟಿತು? ಇರುವವರಿಗೆ ಬೆಲೆ ಗೊತ್ತಾಗುವುದಿಲ್ಲ ಅನ್ನುವುದು ಉತ್ತರವಲ್ಲ.

(ಆಮೇಲೆ ಸೇರಿಸಿದ್ದು: ಬೆಟ್ಟದ ಕಡಿದಾದ ಮೈಮೇಲೆ ನೀರು ನಿಲ್ಲುವುದಿಲ್ಲ, ಓಡುತ್ತದೆ. ಓಡುವ ನೀರಿನಲ್ಲಿ ಗೊದಮೊಟ್ಟೆ ಬಿಟ್ಟರೆ ಘಟ್ಟದ ಕೆಳಗೆ ಹೋಗಿ ಹುಡುಕಬೇಕು. ಮಂಜು ಮಾತ್ರ ಓಡುವುದಿಲ್ಲ, ಬಂದು ಕೂರುತ್ತದೆ. ಇದು ನನ್ನ ಲೆಕ್ಕ. ಪಂಡಿತರು ಬೇರೆ ಹೇಳಬಹುದು.)

ಜೂನ್ 19

ಈ ಕುಲದಲ್ಲೇ ಒಬ್ಬ ವಿಚಿತ್ರ ಆಸಾಮಿ ಸಿಕ್ಕಿದ್ದಾನೆ. ರಾವ್‌ಆರ್ಕೆಸ್ಟೀಸ್ ರೆಸ್‌ಪ್ಲೆಂಡೆನ್ಸ್. ಲ್ಯಾಟಿನ್ನಿನಲ್ಲಿ ‘ಥಳಥಳಿಸುವ’ ಎಂದರ್ಥ. ಊರು ಕೇರಳದ ಆನಮುಡಿ, 2695 ಮೀಟರ್. ದಕ್ಷಿಣ ಭಾರತದಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ನಿಂತು ಇನ್ನೂ ಏಳುನೂರೈವತ್ತು ಮೀಟರಿಗೂ ಹೆಚ್ಚು ಹತ್ತಿದರೆ ಅಷ್ಟಾಗುತ್ತದೆ. ಸುತ್ತ ಎರವಿಕುಳಂ ರಾಷ್ಟ್ರೀಯ ಉದ್ಯಾನ, ವರೆಯಾಡು ಎಂಬ ಕಾಡುಮೇಕೆಗೂ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಗೂ ಹೆಸರಾದದ್ದು. ಮೇಲೆಲ್ಲ ಹುಲ್ಲು, ಮಡಿಕೆ ಮಡಿಕೆಯಲ್ಲಿ ಗಿಡ್ಡ ಮರಗಳ ಶೋಲಾ, ದಿನದ ಹೆಚ್ಚು ಹೊತ್ತು ಮೋಡದೊಳಗೆ.

ಬಣ್ಣ ಕಿತ್ತಳೆಯಿಂದ ಕೆಂಪು. ಮೈಮೇಲೆ ಉಬ್ಬುಬ್ಬಿದ ಗ್ರಂಥಿಗಳು. ಗಾತ್ರ ಒಂದಂಗುಲದ ಆಸುಪಾಸು. ಕಾಲುಗಳು ಎಷ್ಟು ಮೊಟಕು ಎಂದರೆ ಹಾರುವ ಮಾತೇ ಇಲ್ಲ, ತೆವಳಿಕೊಂಡು ನಡೆಯುತ್ತದೆ. ಹುಲ್ಲಿನ ನಡುವಿನ ಗಿಡ್ಡ ಬಿದಿರು ಮೆಳೆಯ ಬುಡದಲ್ಲಿ, ಪಾಚಿಯಲ್ಲಿ ವಾಸ. ಅಲ್ಲೇ ಮೊಟ್ಟೆ, ಅಲ್ಲೇ ಮರಿ.

ಇಷ್ಟಾದರೂ ಕುಟುಂಬದ ಲೆಕ್ಕದಲ್ಲಿ ಇದು ಮರಗಪ್ಪೆ!

ಕನ್ನಡದಲ್ಲಿ ನಾವು ಸಲೀಸಾಗಿ ಮರಗಪ್ಪೆ, ನೆಲಗಪ್ಪೆ ಅಂತ ಎರಡು ಡಬ್ಬ ಮಾಡಿಟ್ಟಿದ್ದೇವೆ. ನೆಲದ ಮೇಲಿರುವ ಮರಗಪ್ಪೆಯನ್ನು ಯಾವ ಡಬ್ಬಕ್ಕೆ ಹಾಕುವುದು? ಊಟದ ಹೊತ್ತಿಗೆ ಮನೆಯವಳ ಮುಂದೆ ಇದನ್ನಿಟ್ಟೆ.

“ಮರ ಹತ್ತಲ್ಲ, ನೀರಿಗೆ ಹೋಗಲ್ಲ, ಹಾರಲ್ಲ. ಅದನ್ನ ಕಪ್ಪೆ ಅಂತ ಯಾಕ್ರೀ ಕರೀತಾರೆ?”

ಡಿ.ಎನ್.ಎ. ನೋಡಿ ಅಂತೆ ಎಂದೆ. ಅವಳಿಗೆ ಅದು ಉತ್ತರ ಅನಿಸಲಿಲ್ಲ, ನನಗೂ ಪೂರ್ತಿ ಅನಿಸಿರಲಿಲ್ಲ. ರಾತ್ರಿ ಹೊಳೆಯಿತು. ನಮ್ಮ ಮನೆತನ ತೀರ್ಥಹಳ್ಳಿ ಬಿಟ್ಟು ಮೂರು ತಲೆಮಾರಾಯಿತು. ಅಡಿಕೆ ತೋಟ ಹೋಯಿತು, ಮಾತಿನ ಧಾಟಿ ಹೋಯಿತು, ಮರ ಹತ್ತುವುದಿರಲಿ ಮಹಡಿ ಹತ್ತುವುದಕ್ಕೂ ನನಗೆ ಮಂಡಿನೋವು. ಹೆಣ್ಣು ಗಂಡಿನ ಮಾತು ಬಂದರೆ ಮಾತ್ರ ಇವತ್ತಿಗೂ “ಅವರು ತೀರ್ಥಹಳ್ಳಿ ಕಡೆಯವರು” ಎಂದೇ ಶುರು. ಆನಮುಡಿಯದ್ದೂ ಹಾಗೇ ಇರಬೇಕು. ಮರದಿಂದ ಇಳಿದು ಎಷ್ಟು ಕಾಲವಾಗಿದ್ದರೂ ನೆಂಟರು ಮರದವರು.

ಜೂನ್ 23

ಬೀದಿಯ ಗಣೇಶೋತ್ಸವ ಸಮಿತಿಯ ಮೊದಲ ಸಭೆ. ಒಬ್ಬರು ಬಂದು ಕೂತರೆ ಇನ್ನೊಬ್ಬರು ಎದ್ದು ಹೋಗುತ್ತಾರೆ. ಖಜಾಂಚಿಗಳು ಬೇಸತ್ತು “ಕಪ್ಪೆ ತೂಗಿದ ಹಾಗಾಯ್ತಲ್ಲ ಸಾರ್ ಇದು” ಅಂದರು. ಎಲ್ಲರೂ ನಕ್ಕರು. ನಾನು ಆನಮುಡಿಯದ್ದನ್ನು ನೆನೆದೆ. ಅವನ್ನು ತೂಗಬಹುದು. ತಕ್ಕಡಿಯಲ್ಲಿ ಹಾಕಿದರೆ ಕೂತೇ ಇರುತ್ತವೆ. ನಮ್ಮ ಗಾದೆಗಳನ್ನೆಲ್ಲ ಕೆರೆದಂಡೆಯ ಕಪ್ಪೆ ನೋಡಿ ಮಾಡಿದ್ದಾರೆ.

ಇನ್ನೊಂದು ಮಾತೂ ಇದೆಯಲ್ಲ, ಬಾವಿಯೊಳಗಿನ ಕಪ್ಪೆ. ಆನಮುಡಿಯ ಕಪ್ಪೆಯನ್ನು ಮೊದಲು ವರ್ಣಿಸಿದವರು ಅದರ ನೆಲೆಯನ್ನು ಮೂರು ಚದರ ಕಿಲೋಮೀಟರಿಗೂ ಕಡಿಮೆ ಎಂದು ಲೆಕ್ಕ ಹಾಕಿದ್ದರು. ನಮ್ಮ ಮನೆ ಹತ್ತಿರದ ಸ್ಯಾಂಕಿ ಕೆರೆ ಸುಮಾರು ಹದಿನೈದು ಹೆಕ್ಟೇರು. ಅಂಥ ಇಪ್ಪತ್ತು ಕೆರೆ ಜೋಡಿಸಿದಷ್ಟು ಜಾಗ. ಎರಡು ರಾಜ್ಯ ಕಾಣುವ ಎತ್ತರದಲ್ಲಿ ಕೂತಿದ್ದರೂ ಅದಕ್ಕೆ ಗೊತ್ತಿರುವುದು ಇಷ್ಟೇ ಲೋಕ. ಬಾವಿಯನ್ನು ಬೋರಲು ಹಾಕಿದರೆ ಶಿಖರ. ಬಾವಿಯ ಕಪ್ಪೆ ಬೇಕಾದರೆ ಮೇಲೆ ಬರಬಹುದು. ಕೆಳಗೆ ಬಿಸಿಲು ಏರುತ್ತ ಬಂದರೆ ಇದು ಎಲ್ಲಿಗೆ ಏರಬೇಕು? ಇದರ ಹೆಸರು ಅಳಿವಿನಂಚಿನ ಪಟ್ಟಿಯ ಅತಿ ಗಂಡಾಂತರದ ಸಾಲಿಗೆ ಸೇರಿದ್ದು ಸುಮ್ಮನೆ ಅಲ್ಲ.

ಜುಲೈ 2

ಇವತ್ತಿನದು ನನಗೆ ನಿಜವಾಗಿ ಬೆರಗು ಹುಟ್ಟಿಸಿದ ಸಂಗತಿ.

ಆನಮುಡಿಯ ಕಪ್ಪೆಗೆ ಹೆಸರಿಟ್ಟ ಲೇಖನ ಯಾವುದರಲ್ಲಿ ಬಂತು ಎಂದು ಹುಡುಕಿದೆ. ಎಸ್.ಡಿ. ಬಿಜು, ಯೋಗೇಶ್ ಶೌಚೆ, ಅಲೇನ್ ಡುಬೋಯಿ, ಎಸ್.ಕೆ. ದತ್ತ, ಫ್ರಾಂಕಿ ಬಾಸುಯ್ಟ್ ಸೇರಿ ಬರೆದದ್ದು. ಪ್ರಭೇದಕ್ಕೂ ಹೆಸರು, ಕುಲಕ್ಕೂ ಹೆಸರು, ಎರಡೂ ಒಂದೇ ಲೇಖನದಲ್ಲಿ. ಪತ್ರಿಕೆ: ಕರೆಂಟ್ ಸೈನ್ಸ್, 2010ರ ಏಪ್ರಿಲ್ 25ರ ಸಂಚಿಕೆ. ವಿಳಾಸ: ಸಿ.ವಿ. ರಾಮನ್ ಅವೆನ್ಯೂ, ಸದಾಶಿವನಗರ, ಬೆಂಗಳೂರು 560080.

ಅದು ನಾನು ವಾಕಿಂಗ್ ಹೋಗುವ ದಿಕ್ಕು!

ಸಂಜೆ ಛತ್ರಿ ಹಿಡಿದು ಹೊರಟೆ. ಸ್ಯಾಂಕಿ ಕೆರೆ ದಾಟಿ, ಸದಾಶಿವನಗರದ ಏರು ಹತ್ತಿ, ಮೇಖ್ರಿ ಸರ್ಕಲ್ ಕಡೆಗೆ. ರಾಮನ್ ಸಂಶೋಧನಾ ಸಂಸ್ಥೆಯ ಮರಗಳು ಗೋಡೆಯಾಚೆಗೆ ಕತ್ತಲು ಕಟ್ಟಿ ನಿಂತಿದ್ದವು. ಒಳಗೆ ಹೋಗಿ ಏನಂತ ಕೇಳುವುದು? ಹದಿನೈದು ವರ್ಷ ಹಳೆಯ ಕಪ್ಪೆಯೊಂದರ ವಿಚಾರವಾಗಿ ಬಂದೆ ಅಂತಲೇ? ಗೇಟಿನ ಎದುರು ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ. ಆನಮುಡಿ ಇಲ್ಲಿಂದ ರಾತ್ರಿಯಿಡೀ ಬಸ್ಸಿನ ದಾರಿ. ಅದು ಕಪ್ಪೆಯೆಂದು ಲೋಕದ ಖಾತೆಗೆ ಏರಿದ್ದು ಮಾತ್ರ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ನಡಿಗೆಯಲ್ಲಿ.

ಜುಲೈ 5

ರಾವ್‌ಆರ್ಕೆಸ್ಟೀಸಿನ ‘ರಾವ್’ ಯಾರು? ಇದುವರೆಗೆ ಕೇಳಿಕೊಂಡಿರಲಿಲ್ಲ. ಬೆಂಗಳೂರಿನಲ್ಲಿ ಕಲ್ಲೆಸೆದರೆ ಒಬ್ಬ ರಾಯರ ಮನೆಗೆ ಬೀಳುತ್ತದೆ, ಯಾರಾದರೇನು ಅಂದುಕೊಂಡಿದ್ದೆ.

ಸಿ.ಆರ್. ನಾರಾಯಣ ರಾವ್. 1882ರಿಂದ 1960. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ, ನಿವೃತ್ತರಾಗುವ ತನಕ ಅದರ ಮುಖ್ಯಸ್ಥರಾಗಿದ್ದವರು. ದಕ್ಷಿಣ ಭಾರತದ ಕಪ್ಪೆಗಳನ್ನು ಮೊದಲು ಗಂಭೀರವಾಗಿ ತೆಗೆದುಕೊಂಡ ಭಾರತೀಯರಲ್ಲಿ ಒಬ್ಬರು. 1932ರ ಜುಲೈಯಲ್ಲಿ ಕರೆಂಟ್ ಸೈನ್ಸ್ ಶುರುವಾದಾಗ ಅದರ ಮೊದಲ ಸಂಪಾದಕರು ಇವರೇ.

ಅಂದರೆ ರಾಯರು ತೊಟ್ಟಿಲು ತೂಗಿದ ಪತ್ರಿಕೆಯಲ್ಲೇ, ಅವರು ತೀರಿಕೊಂಡು ಐವತ್ತು ವರ್ಷಕ್ಕೆ, ಒಂದು ಕಪ್ಪೆಕುಲಕ್ಕೆ ಅವರ ಹೆಸರು ಬಂತು. ಅವರು ಹುಟ್ಟಿದ 1882, ಸ್ಯಾಂಕಿ ಕೆರೆ ಕಟ್ಟಿದ ವರ್ಷವೂ ಹೌದು. ಎರಡನೆಯದಕ್ಕೆ ಏನೂ ಅರ್ಥವಿಲ್ಲ, ಗೊತ್ತು. ಬರೆದಿಟ್ಟಿದ್ದೇನೆ ಅಷ್ಟೆ.

ಬೆಳಗ್ಗೆ ಕೆರೆಯ ಸುತ್ತ ನಡೆಯುವ ನಾಲ್ವರು ಗೆಳೆಯರನ್ನು ಕೇಳಿದೆ. ಒಬ್ಬರು ಸೆಂಟ್ರಲ್ ಕಾಲೇಜಿನಲ್ಲೇ ಓದಿದವರು. ರಾಮನ್ ಗೊತ್ತು, ಅವರ ಪಂಚವಟಿ ಮನೆ ಮಲ್ಲೇಶ್ವರದ ಎಷ್ಟನೇ ಕ್ರಾಸಿನಲ್ಲಿದೆ ಎಂಬುದೂ ಗೊತ್ತು. ನಾರಾಯಣ ರಾಯರು ಯಾರಿಗೂ ಗೊತ್ತಿಲ್ಲ. “ಕಪ್ಪೆ ಮೇಷ್ಟ್ರಾ? ಹಾಗೊಬ್ಬರಿದ್ರಾ?” ಎಂದರು ಸೆಂಟ್ರಲ್ ಕಾಲೇಜಿನವರು. ನನಗೂ ಐದು ದಿನದ ಹಿಂದೆ ಗೊತ್ತಿರಲಿಲ್ಲವಾದ್ದರಿಂದ ಸುಮ್ಮನಾದೆ.

ಜುಲೈ 9

ರಾಯರ ಹಿಂದೆ ಬಿದ್ದಿದ್ದೇನೆ.

1920ರಲ್ಲಿ ಕೊಡಗಿನ ಬ್ರಹ್ಮಗಿರಿ ಕಡೆಯ ಒಂದು ಕಪ್ಪೆಗೆ ‘ಸ್ಯಾಂಕ್ಟಿಪಾಲುಸ್ಟ್ರಿಸ್’ ಎಂದು ಹೆಸರಿಟ್ಟಿದ್ದಾರೆ. ಪವಿತ್ರ ಜೌಗಿನದು ಎಂದು ಬಿಡಿಸಬಹುದು. ಲ್ಯಾಟಿನ್ನಿನಲ್ಲೂ ಮೇಷ್ಟ್ರಿಗೆ ಕಾವೇರಿ ಸೀಮೆಯ ಭಕ್ತಿ ಬಿಟ್ಟಿಲ್ಲ ಅನಿಸಿತು. 1937ರಲ್ಲಿ, ನಿವೃತ್ತಿಯ ವರ್ಷ, ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪ್ರೊಸೀಡಿಂಗ್ಸ್‌ನಲ್ಲಿ ಹೊಸ ಕಪ್ಪೆಗಳ ದೊಡ್ಡ ಗಂಟನ್ನೇ ಬಿಚ್ಚಿದರು. ಕೊಟ್ಟಿಗೆಹಾರದಿಂದ ಒಂದು: ಕೊಟ್ಟಿಗೆಹಾರೆನ್ಸಿಸ್. ಕೆಂಪುಹೊಳೆ ಘಾಟಿಯಿಂದ ಒಂದು: ಕೆಂಪೊಲೆಯೆನ್ಸಿಸ್. ಸಕಲೇಶಪುರದಿಂದ ಇನ್ನೊಂದು. ಚಾರ್ಮಾಡಿ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ಬಸ್ಸು ನಿಲ್ಲಿಸಿದಾಗ ನಾನು ಎಷ್ಟೋ ಸಲ ನೀರುದೋಸೆ ತಿಂದಿದ್ದೇನೆ. ಆ ಊರಿನ ಹೆಸರು ಹೊತ್ತ ಕಪ್ಪೆ ಪಕ್ಕದ ತೊರೆಯಲ್ಲಿದೆ ಎಂದು ಹೋಟೆಲಿನವರೂ ಹೇಳಲಿಲ್ಲ. ತೊರೆಯ ಸದ್ದಿನಲ್ಲಿ ಕೂಗು ಕೇಳಿಸುವುದಿಲ್ಲವೆಂದು ಗಂಡು ಹಿಂಗಾಲನ್ನು ಚಾಚಿ ಬೀಸಿ ತೋರಿಸುತ್ತದಂತೆ, ಸ್ಟೇಷನ್ನಿನಲ್ಲಿ ಗಾರ್ಡ್ ಬಾವುಟ ಬೀಸಿದ ಹಾಗೆ.

ಕೊಟ್ಟಿಗೆಹಾರದ್ದು, ಕೆಂಪುಹೊಳೆಯದ್ದು ಎರಡನ್ನೂ ರಾಯರು ಇಟ್ಟ ಕುಲದಿಂದ ಆಮೇಲೆ ಬಂದವರು ಎತ್ತಿ ಬೇರೆ ಕುಲಗಳಿಗೆ ಹಾಕಿದ್ದಾರೆ. ಖಜಾಂಚಿಗಳ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಇದಕ್ಕಿಂತ ಒಗಟಿನ ಮಾತು ಬೇರೆ ಇದೆ. ಪ್ರಾಣಿಗೆ ಹೆಸರಿಡುವಾಗ ಒಂದು ಪ್ರಾಣಿಯನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ಇಟ್ಟು, ‘ಈ ಹೆಸರು ಇದಕ್ಕೆ’ ಎಂದು ಗಂಟು ಹಾಕುತ್ತಾರೆ. ನಾಳೆ ಜಗಳ ಬಂದರೆ ಸೀಸೆ ತೆಗೆದು ನೋಡಬೇಕು. ರಾಯರ ಸೀಸೆಗಳು ಸೆಂಟ್ರಲ್ ಕಾಲೇಜಿನಲ್ಲಿದ್ದವು. ಈಗ ಇಲ್ಲ. ಕಳೆದುಹೋಗಿವೆ ಎಂದೇ ಎಲ್ಲ ಕಡೆ ನಮೂದು. ಹೆಸರಿದೆ, ಕಪ್ಪೆ ಇಲ್ಲ.

ಹಾಗಾದರೆ ಏನು ಮಾಡಿದರು? ಹೆಸರಿನಲ್ಲೇ ಊರಿತ್ತಲ್ಲ. ಮತ್ತೆ ಆ ಊರಿಗೆ ಹೋಗಿ, ಮಳೆಗಾಲದಲ್ಲಿ ಅದೇ ಹಳ್ಳಕ್ಕೆ ಇಳಿದು, ರಾಯರು ಬರೆದ ವರ್ಣನೆಗೆ ಯಾವುದು ಕೂಡುತ್ತದೆ ಎಂದು ಹುಡುಕಬೇಕು. ‘ಥಳಥಳಿಸುವ’ ಎಂದು ಹೆಸರಿಟ್ಟಿದ್ದರೆ ಎಲ್ಲಿ ಹುಡುಕುತ್ತಿದ್ದರು? ಊರ ಹೆಸರಿಡುವುದು ಮಂಕು ಕೆಲಸ ಅಂತ ನಾನು ತಿಳಿದಿದ್ದೆ. ವಾಪಸು ತೆಗೆದುಕೊಂಡಿದ್ದೇನೆ.

ಜುಲೈ 16

ಮಳೆ ಕೈಕೊಟ್ಟಿದೆ. ಪಕ್ಕದ ಮನೆಯವರು “ಕಪ್ಪೆ ಮದುವೆ ಮಾಡಿಸಬೇಕು ಸಾರ್” ಅಂದರು, ತಮಾಷೆಗೆ. 2019ರ ಜೂನಿನಲ್ಲಿ ಉಡುಪಿಯಲ್ಲಿ ವರುಣ, ವರ್ಷಾ ಎಂದು ಹೆಸರಿಟ್ಟು ಮಾಡಿಸಿದ್ದರಲ್ಲ, ಶಾಸ್ತ್ರೋಕ್ತವಾಗಿ. ಆನಮುಡಿಯ ಜೋಡಿಯನ್ನು ತಂದು ಹಸೆಗೆ ಕೂರಿಸಿದರೆ ಮಳೆ ಬರುವುದೋ, ಬರೀ ಮಂಜು ಬರುವುದೋ? ಹೆಣ್ಣುಗಂಡು ಹಸೆಯಿಂದ ಹಾರಿಹೋಗುವ ಭಯವಂತೂ ಇಲ್ಲ.

ಜುಲೈ 28

ಊರಿಗೆ ಮೋಸ ಮಾಡಬಾರದು. ಬೆಂಗಳೂರಿಗೇ ಸ್ವಂತ ಕಪ್ಪೆಯೊಂದಿದೆ. 2020ರಲ್ಲಿ ರಾಜಾನುಕುಂಟೆಯ ಕಡೆಯಿಂದ ವರ್ಣಿಸಿದ್ದು, ಬಿಲ ತೋಡುವ ಜಾತಿ, ಹೆಸರಿನಲ್ಲೇ ‘ಬೆಂಗಳೂರು’. ಅದರ ಗೊದಮೊಟ್ಟೆಗೆ ಮಳೆನೀರಿನ ಹೊಂಡ ಬೇಕೇ ಬೇಕು. ಸೈಟಿಗೂ ಅದೇ ತಗ್ಗು ಬೇಕು, ತುಂಬಿಸಿ ಮಟ್ಟ ಮಾಡುವುದಕ್ಕೆ.

ಸಿದ್ದಾಪುರದ ಕತ್ತಲೆಕಾನಿನಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಹೆಸರಿಟ್ಟದ್ದು. ಮೊಟ್ಟೆಯಿಟ್ಟ ಮೇಲೆ ಗಂಡು ಮುಂಗೈಯಲ್ಲಿ ಕೆಸರು ತೆಗೆದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ವೈಜ್ಞಾನಿಕ ಹೆಸರಿನಲ್ಲೇ ‘ಕುಂಬಾರ’ ಎಂದಿದೆ. ಇದನ್ನು ಓದಿದ ದಿನ ಏನೋ ಖುಷಿ. ಲ್ಯಾಟಿನ್ನಿನ ಬಾಲ ಸಿಕ್ಕಿಸದೆ ಕನ್ನಡದ ಮಾತೊಂದು ಹಾಗೇ ಹೋಗಿ ಕೂತಿದೆಯಲ್ಲ.

ಗೊದಮೊಟ್ಟೆ ಇಲ್ಲದ ಕಪ್ಪೆಯೂ ಇದೆಯೆಂದು ಮೊಮ್ಮಗಳಿಗೆ ಹೇಳಿದೆ. ಚಾರ್ಟ್ ಆಗಲೇ ಕೊಟ್ಟಾಗಿತ್ತು. “ಮೊದಲೇ ಹೇಳೋದಲ್ವಾ ತಾತ” ಎಂದಳು. ಸರಿ.

ಆಗಸ್ಟ್ 13

ವೈಯಾಲಿಕಾವಲ್. ಈ ಹೆಸರಿನಲ್ಲಿ ಇಷ್ಟು ವರ್ಷ ಕಾಗದ ತರಿಸಿಕೊಂಡಿದ್ದೇನೆ, ಅರ್ಥ ಯೋಚಿಸಿರಲಿಲ್ಲ. ನಿಘಂಟು ತೆಗೆದೆ. ವೈಹಾಳಿ, ವೈಯಾಳಿ: ಕುದುರೆ ಸವಾರಿ, ಕುದುರೆ ಓಡಿಸುವ ಬಯಲು. ಕಾವಲ್: ಕಾದಿಟ್ಟ ಹುಲ್ಲುಗಾವಲು, ಅಮೃತಮಹಲ್ ಕಾವಲಿನಲ್ಲಿ ಬರುವ ಅದೇ ಕಾವಲು. ಅದೇ ಮಾತು ಸವೆದು ನಮ್ಮ ಬಡಾವಣೆಯಾಗಿರಬೇಕು ಎಂದು ನನ್ನ ಊಹೆ. ಹಾಗಿದ್ದರೆ ಈ ಟಿ.ಟಿ.ಡಿ. ದೇವಸ್ಥಾನ, ಚೌಡಯ್ಯ ಹಾಲ್, ಈ ಸಂಪು, ಎಲ್ಲವೂ ಹುಲ್ಲಿನ ಮೇಲೆ ನಿಂತಿವೆ.

ಆನಮುಡಿಯೂ ಹುಲ್ಲೇ. ಹುಲ್ಲುಬಯಲು ಅಂದರೆ ಖಾಲಿ ಜಾಗ ಎಂದು ನಾವೂ ಸರ್ಕಾರವೂ ಒಟ್ಟಿಗೆ ನಂಬಿದವರು. ಮರ ನೆಟ್ಟರೆ ಪುಣ್ಯ, ಮನೆ ಕಟ್ಟಿದರೆ ಅಭಿವೃದ್ಧಿ, ಹುಲ್ಲು ಬಿಟ್ಟರೆ ಸೋಮಾರಿತನ. ಶಿಖರದ ಆ ಹುಲ್ಲು ಖಾಲಿ ಅಲ್ಲ ಅನ್ನುವುದಕ್ಕೆ ಬಿದಿರು ಮೆಳೆಯ ಬುಡದಲ್ಲಿ ಒಂದಂಗುಲದ ಸಾಕ್ಷಿ ಸಿಕ್ಕಿತು. ಇಲ್ಲಿನ ಹುಲ್ಲಿನಲ್ಲಿ ಏನಿತ್ತೋ, ಯಾರೂ ಸೀಸೆಗೆ ಹಾಕಿಡಲಿಲ್ಲ. ಸಂಪಿನ ಮೇಲೆ ಕೂತವನನ್ನು ಇವತ್ತು ಸ್ವಲ್ಪ ಬೇರೆ ರೀತಿ ನೋಡಿದೆ. ಅವನು ಯಾವತ್ತಿನ ಹಾಗೇ ನೋಡಿದ.

ಸೆಪ್ಟೆಂಬರ್ 6

ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ. ಕಿಟಕಿ ಗಾಜು ಅದುರುತ್ತಿದೆ, ಏನೂ ಬರೆಯಲು ಆಗುತ್ತಿಲ್ಲ, ಆದ್ದರಿಂದ ಇದನ್ನೇ ಬರೆಯುತ್ತೇನೆ. ರಾವ್‌ಆರ್ಕೆಸ್ಟೀಸ್‌ನ ‘ಆರ್ಕೆಸ್ಟೀಸ್’ ಗ್ರೀಕಿನದು. ಕುಣಿಯುವವನು. ಆರ್ಕೆಸ್ಟ್ರಾ ಎಂದರೂ ಮೂಲದಲ್ಲಿ ಕುಣಿಯುವ ಜಾಗವೇ. 1838ರಲ್ಲಿ ಒಬ್ಬರು ಮರಗಪ್ಪೆಗಳಿಗೆ ಆರ್ಕೆಸ್ಟೀಸ್ ಎಂದು ಹೆಸರಿಟ್ಟಿದ್ದರಂತೆ, ಆದರೆ ಆ ಹೆಸರು ಆಗಲೇ ಒಂದು ಮೂತಿಹುಳುವಿನ ಪಾಲಾಗಿತ್ತು, ಬಿಟ್ಟುಕೊಡಬೇಕಾಯಿತು. 2010ರಲ್ಲಿ ಅದರ ಮುಂದೆ ‘ರಾವ್’ ಸೇರಿಸಿ ವಾಪಸು ತಂದರು. ‘ರಾಯರ ಕುಣಿತಗಾರ’ ಎಂದಾಯಿತು. ಅದೇ ಲೇಖನದಲ್ಲಿ ಆ ಹೆಸರಿನಡಿ ಸೇರಿದ ಹೊಸ ಕಪ್ಪೆಗೆ ಹಾರುವುದಕ್ಕೇ ಬರುವುದಿಲ್ಲ. ಐವರಲ್ಲಿ ಒಬ್ಬರಾದರೂ ನಕ್ಕಿರಬೇಕು.

ಹನ್ನೊಂದು ಗಂಟೆ. ಇನ್ನೂ ಮುಗಿದಿಲ್ಲ. ಸಂಪಿನ ಹತ್ತಿರ ಟಾರ್ಚ್ ಹಾಕಿ ನೋಡಿದೆ. ಇವನಿಗೆ ಆರ್ಕೆಸ್ಟ್ರಾ ಬಾಧಿಸಿದಂತಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಮೊಮ್ಮಗಳು ಬಂದಿದ್ದಳು. ಕಪ್ಪೆ ತೂಗುವ ಮಾತು ಹೇಗೋ ಬಂತು. “ತೂಗೇ ಬಿಡೋಣ ತಾತ” ಎಂದಳು. ಅಡುಗೆಮನೆಯಿಂದ ಸಕ್ಕರೆ, ಮೈದಾ ತೂಗುವ ಬ್ಯಾಟರಿ ತಕ್ಕಡಿ ಹೊರಗೆ ಬಂತು. ಮನೆಯವಳು ದೇವಸ್ಥಾನಕ್ಕೆ ಹೋಗಿದ್ದಳು, ಆ ಧೈರ್ಯ. ಮೇಲೆ ಐಸ್‌ಕ್ರೀಮ್ ಡಬ್ಬದ ಮುಚ್ಚಳ ಇಟ್ಟು ಸೊನ್ನೆಗೆ ತಂದೆವು. ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡು ಅವನನ್ನು ಎತ್ತಿಟ್ಟೆ.

ಕೂತ. ಹಾರಲಿಲ್ಲ. ಅಂಕಿ 41, 39 ಎಂದು ಓಲಾಡಿ 40 ಗ್ರಾಮಿಗೆ ನಿಂತಿತು. ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಅರ್ಧ ನಿಮಿಷ ಕೂತಿದ್ದು, ಮುಂಗಾಲು ಒಂದು, ಹಿಂಗಾಲು ಒಂದು ಎತ್ತಿಟ್ಟು, ನಡೆದೇ ತಕ್ಕಡಿಯಿಂದ ಇಳಿದು ತುಳಸಿ ಕಟ್ಟೆಯ ಹಿಂದಕ್ಕೆ ಹೋದ. ತಕ್ಕಡಿ ಖಾಲಿಯಾದರೂ 6 ಗ್ರಾಮ್ ತೋರಿಸುತ್ತಲೇ ಇತ್ತು. ಬಗ್ಗಿ ನೋಡಿದರೆ ಮುಚ್ಚಳದ ತುಂಬ ಉಚ್ಚೆ.

ಮೊಮ್ಮಗಳು ನನ್ನ ಈ ಪುಸ್ತಕವನ್ನೇ ಕಸಿದುಕೊಂಡು ಬರೆದದ್ದು: ಕಪ್ಪೆ 34, ಉಚ್ಚೆ 6, ಒಟ್ಟು 40.

ಗೇಟಿನ ಸದ್ದಾಯಿತು. ಪ್ರಸಾದದ ಪೊಟ್ಟಣ ಹಿಡಿದು ಬಂದವಳು ತಕ್ಕಡಿಯನ್ನು ನೋಡಿದಳು, ಮುಚ್ಚಳವನ್ನು ನೋಡಿದಳು, ನನ್ನನ್ನು ನೋಡಿದಳು. ನಾಳೆ ಮಲ್ಲೇಶ್ವರಕ್ಕೆ ಹೋಗಿ ಹೊಸ ತಕ್ಕಡಿ ತರಬೇಕು.